ಏರ್‌ಬ್ಯಾಗ್ ದೀಪದ ಎಚ್ಚರಿಕೆ



ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ತಯಾರಾಗುವ ಕಾರುಗಳಲ್ಲಿ ಚಾಲಕನಿಗೆ ಏರ್‌ಬ್ಯಾಗ್ ಕಡ್ಡಾಯವಾಗಿದೆ. ತೀವ್ರ ಡಿಕ್ಕಿಯಾದಾಗ ಕಣ್ಣು ಮಿಟುಕಿಸುವುದರೊಳಗೆ ಉಬ್ಬಿ, ತಲೆ ಎದೆಗಳನ್ನು ಕಾಪಾಡುವ ಈ ಚೀಲದ ಸುಸ್ಥಿತಿಯನ್ನು ತಿಳಿಸುವುದು ಚಾಲಕನ ಮುಂದಿನ ಫಲಕದಲ್ಲಿರುವ ಒಂದು ಪುಟ್ಟ ದೀಪ.

ಕೀಲಿ ತಿರುಗಿಸಿದೊಡನೆ ಈ ದೀಪವು ಹೊತ್ತಿಕೊಂಡು, ಕೆಲವೇ ಸೆಕೆಂಡುಗಳಲ್ಲಿ ಆರಬೇಕು. ಆರದಿದ್ದರೆ ವ್ಯವಸ್ಥೆಯಲ್ಲಿ ದೋಷವಿದೆಯೆಂದೂ, ಅಪಘಾತದ ವೇಳೆ ಚೀಲ ತೆರೆದುಕೊಳ್ಳದಿರಬಹುದೆಂದೂ ತಿಳಿಯಬೇಕು. ಹೊತ್ತಿಕೊಳ್ಳದೆಯೇ ಇದ್ದರೂ ಸಂಶಯಕ್ಕೆ ಎಡೆಯುಂಟು. ದೋಷವನ್ನು ಮರೆಮಾಚಲು ದೀಪದ ಸಂಪರ್ಕವನ್ನೇ ತಪ್ಪಿಸಿರಬಹುದು. ಹಳೆಯ ಕಾರು ಕೊಳ್ಳುವವರು ಇದನ್ನು ಮರೆಯದೆ ಪರೀಕ್ಷಿಸಬೇಕು.

ಅನೇಕ ವೇಳೆ ಕಾರಣ ಸಣ್ಣದಿರುತ್ತದೆ. ಮುಂದಿನ ಆಸನದ ಕೆಳಗಿನ ತಂತಿಯ ಜೋಡಣೆ ಸಡಿಲಗೊಂಡಿರಬಹುದು, ಸ್ಟೀರಿಂಗ್ ಚಕ್ರದ ಹಿಂದಿನ ಸುರುಳಿತಂತಿ ತುಂಡಾಗಿರಬಹುದು, ಬ್ಯಾಟರಿ ಕ್ಷೀಣಿಸಿರಬಹುದು. ಊಹೆಯ ಅಗತ್ಯವಿಲ್ಲ. ಯಂತ್ರದಲ್ಲಿ ದಾಖಲಾದ ದೋಷಸಂಕೇತವನ್ನು ಕಾರ್ಯಾಗಾರದ ಸ್ಕ್ಯಾನರಿನಿಂದ ಓದಬಹುದು. ಕಾರಣವನ್ನು ನಿವಾರಿಸದೆ ಸಂಕೇತವನ್ನಷ್ಟೇ ಅಳಿಸಿದರೆ ದೀಪ ಮತ್ತೆ ಹೊತ್ತಿಕೊಳ್ಳುತ್ತದೆ.

ಚೀಲದ ತಂತಿಗಳನ್ನು ಮಲ್ಟಿಮೀಟರಿನಿಂದ ಪರೀಕ್ಷಿಸಕೂಡದು. ಅದರ ಅಲ್ಪ ವಿದ್ಯುತ್ತಿನಿಂದಲೂ ಚೀಲ ಸಿಡಿದು ಗಾಯವಾದೀತು. ಬ್ಯಾಟರಿಯ ಸಂಪರ್ಕ ತಪ್ಪಿಸಿದ ಬಳಿಕವೂ ವ್ಯವಸ್ಥೆಯಲ್ಲಿ ಕೆಲವು ನಿಮಿಷ ವಿದ್ಯುತ್ ಉಳಿದಿರುತ್ತದೆ. ಆದಕಾರಣ ಈ ಕೆಲಸವನ್ನು ತರಬೇತಿ ಪಡೆದವರಿಗೇ ಒಪ್ಪಿಸಿರಿ.

ದುರಸ್ತಿಯನ್ನು ಮುಂದೂಡದಿರಿ. ಏರ್‌ಬ್ಯಾಗ್ ಸೀಟ್ ಬೆಲ್ಟಿಗೆ ಪೂರಕವೇ ಹೊರತು ಬದಲಿಯಲ್ಲ. ದೀಪ ಉರಿಯಲಿ, ಆರಿರಲಿ, ಬೆಲ್ಟ್ ಧರಿಸದೆ ಹೊರಡದಿರಿ.