ಭೇದಿ ಆದಾಗ ನೀರು ನಿಲ್ಲಿಸಬೇಡಿ



ನೀವು ಅಕ್ಷರ ಕಲಿತಿದ್ದೀರಿ. ಅಂಕಿ ಕಲಿತಿದ್ದೀರಿ. ಬಸ್ಸಿನ ಬೋರ್ಡು ಓದುತ್ತೀರಿ. ಇವತ್ತು ನಾವು ಒಂದು ಪುಟ್ಟ ಪೊಟ್ಟಣದ ವಿಷಯ ಮಾತಾಡೋಣ. ಅದು ಮಕ್ಕಳ ಜೀವ ಉಳಿಸುವ ಪೊಟ್ಟಣ. ಹೆಸರು ಓ.ಆರ್.ಎಸ್. ಉಪಕೇಂದ್ರದ ನರ್ಸಮ್ಮ ಮನೆಮನೆಗೆ ಬಂದಾಗ ಹೇಳುವ ಮಾತನ್ನೇ ನಾವೂ ಹೇಳುತ್ತೇವೆ.

ಮಗುವಿಗೆ ಭೇದಿ ಶುರುವಾಯಿತು ಅನ್ನಿ. ಮನೆಯ ಹಿರಿಯರು ಏನಂತಾರೆ? "ನೀರು ಕೊಡಬೇಡ, ಇನ್ನೂ ಜಾಸ್ತಿ ಆಗುತ್ತೆ" ಅಂತಾರೆ. ಅವರು ಹೇಳುವುದು ಮಗುವಿನ ಮೇಲಿನ ಪ್ರೀತಿಯಿಂದಲೇ. ಆದರೆ ಆ ಮಾತು ಸರಿಯಲ್ಲ.

ಯಾಕೆ ಸರಿಯಲ್ಲ? ಭೇದಿಯಲ್ಲಿ ಮೈಯೊಳಗಿನ ನೀರು ಹೋಗುತ್ತೆ. ನೀರಿನ ಜೊತೆ ಉಪ್ಪೂ ಹೋಗುತ್ತೆ. ನೀರಿಲ್ಲದ ಸಸಿ ಬಾಡುತ್ತೆ ಅಲ್ಲವೇ? ಮಗುವೂ ಹಾಗೆಯೇ ಬಾಡುತ್ತೆ. ಬಾಯಿ ಒಣಗುತ್ತೆ. ಕಣ್ಣು ಗುಳಿ ಬೀಳುತ್ತೆ. ಹೋದ ನೀರು ತುಂಬದಿದ್ದರೆ ಜೀವವೇ ಹೋಗಬಹುದು.

ಇದಕ್ಕೆ ಒಂದು ನಿಜವಾದ ಉದಾಹರಣೆ ಇದೆ. 1971ರಲ್ಲಿ ಬಾಂಗ್ಲಾದೇಶದಲ್ಲಿ ಯುದ್ಧ ನಡೆಯಿತು. ಲಕ್ಷಾಂತರ ಜನ ನಮ್ಮ ದೇಶದ ಪಶ್ಚಿಮ ಬಂಗಾಳಕ್ಕೆ ಓಡಿ ಬಂದರು. ಅವರ ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಸೂಜಿಯಿಂದ ಕೊಡುವ ಸಲೈನ್ ಸಾಲಲಿಲ್ಲ. ಆಗ ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಯಲು ಕೊಟ್ಟರು. ಕುಡಿಸಿದವರು ಯಾರು? ಹೆಚ್ಚಾಗಿ ರೋಗಿಗಳ ಮನೆಯವರೇ. ಮೊದಲು 100 ರೋಗಿಗಳಲ್ಲಿ ಸುಮಾರು 30 ಜನ ಸಾಯುತ್ತಿದ್ದರು. ಈ ನೀರು ಕೊಟ್ಟಲ್ಲಿ 4 ಜನರೂ ಸಾಯಲಿಲ್ಲ. ಅವರು ಮಾಡಿದ ಕೆಲಸ ನಮ್ಮ ಕೈಯಲ್ಲೂ ಆಗುತ್ತೆ.

ಈಗ ಮಾಡುವ ಕ್ರಮ ನೋಡಿ.

1. ಸೋಪು ಹಚ್ಚಿ ಕೈ ತೊಳೆಯಿರಿ.

2. ಕುದಿಸಿ ಆರಿಸಿದ ನೀರು ಅಳೆದುಕೊಳ್ಳಿ. ದೊಡ್ಡ ಪೊಟ್ಟಣಕ್ಕೆ 1 ಲೀಟರ್ ನೀರು ಬೇಕು. ಸಣ್ಣ ಪೊಟ್ಟಣವೂ ಬರುತ್ತೆ. ಎಷ್ಟು ನೀರು ಅಂತ ಪೊಟ್ಟಣದ ಮೇಲೆಯೇ ಇರುತ್ತೆ. ಅಕ್ಷರ ಇಂಗ್ಲಿಷಿನಲ್ಲಿದ್ದರೂ ಅಂಕಿ ಓದಲು ನಿಮಗೆ ಬರುತ್ತೆ. ತಾರೀಕು ಮುಗಿದಿದೆಯೇ, ಅದನ್ನೂ ನೋಡಿ.

3. ಇಡೀ ಪೊಟ್ಟಣ ಒಂದೇ ಸಲ ಹಾಕಿ ಕಲಕಿ. ಅರ್ಧ ಹಾಕಬೇಡಿ. ಬೆರೆಸಿದ ಮೇಲೆ ಕುದಿಸಬೇಡಿ.

4. ಮುಚ್ಚಿಡಿ. 24 ಗಂಟೆ ಆದಮೇಲೆ ಉಳಿದದ್ದನ್ನು ಚೆಲ್ಲಿ, ಹೊಸದು ಮಾಡಿ.

ಪ್ರತಿ ಸಲ ಭೇದಿ ಆದಮೇಲೆ ಕುಡಿಸಿ. 2 ವರ್ಷದೊಳಗಿನ ಮಗುವಿಗೆ ಕಾಲು ಲೋಟದಿಂದ ಅರ್ಧ ಲೋಟ, ಚಮಚೆ ಚಮಚೆಯಾಗಿ. ದೊಡ್ಡ ಮಕ್ಕಳಿಗೆ ಅರ್ಧದಿಂದ ಒಂದು ಲೋಟ. ವಾಂತಿ ಆದರೆ ಹೆದರಬೇಡಿ. 10 ನಿಮಿಷ ಬಿಟ್ಟು ನಿಧಾನವಾಗಿ ಮತ್ತೆ ಕೊಡಿ. ಎದೆಹಾಲು ನಿಲ್ಲಿಸಬೇಡಿ. ಊಟ ಮಾಡುವ ಮಗುವಿಗೆ ಮೆತ್ತನೆ ಅನ್ನ, ಗಂಜಿ ಕೊಡಿ.

ರಾತ್ರಿ ಹೊತ್ತು ಪೊಟ್ಟಣ ಇಲ್ಲ ಅಂದರೆ? 1 ಲೀಟರ್ ನೀರಿಗೆ 6 ಟೀ ಚಮಚೆ ಸಕ್ಕರೆ, ಅರ್ಧ ಟೀ ಚಮಚೆ ಉಪ್ಪು ಹಾಕಿ. ಚಮಚೆ ಗೋಪುರ ಆಗಬಾರದು, ಮಟ್ಟವಾಗಿರಲಿ. ರುಚಿ ನೋಡಿ. ಕಣ್ಣೀರಿಗಿಂತ ಉಪ್ಪಾದರೆ ಚೆಲ್ಲಿಬಿಡಿ.

ಅಂಗಡಿಯ ಬಣ್ಣದ ಸಿಹಿ ಪಾನೀಯ ಓ.ಆರ್.ಎಸ್. ಅಲ್ಲ. ಸಕ್ಕರೆ ಹೆಚ್ಚಾದರೆ ಭೇದಿ ಹೆಚ್ಚುತ್ತೆ. ಪೊಟ್ಟಣ ಆಶಾ ಕಾರ್ಯಕರ್ತೆಯ ಹತ್ತಿರ, ಉಪಕೇಂದ್ರದಲ್ಲಿ ಪುಕ್ಕಟೆ ಸಿಗುತ್ತೆ. ಜೊತೆಗೆ ಜಿಂಕ್ ಮಾತ್ರೆ ಕೊಡುತ್ತಾರೆ. ಭೇದಿ ನಿಂತರೂ ಅದನ್ನು 14 ದಿನ ಪೂರ್ತಿ ಕೊಡಿ. ಮಾತ್ರೆ ಎಷ್ಟು ಅಂತ ನರ್ಸಮ್ಮನನ್ನು ಕೇಳಿ.

ಆದರೆ ಮನೆಯಲ್ಲೇ ಕೂರಬಾರದ ಸಮಯವೂ ಇದೆ. ಭೇದಿಯಲ್ಲಿ ರಕ್ತ ಬಂದರೆ, ಮಗು ಕುಡಿಯದಿದ್ದರೆ, ಮಂಕಾಗಿ ಮಲಗಿದರೆ, ಉಚ್ಚೆ ಹೊಯ್ಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ ತಡಮಾಡಬೇಡಿ. ಕೂಡಲೇ ಆಸ್ಪತ್ರೆಗೆ ಹೊರಡಿ. 108ಕ್ಕೆ ಫೋನ್ ಮಾಡಿ. ದಾರಿಯಲ್ಲೂ ಗುಟುಕು ಗುಟುಕು ಕುಡಿಸುತ್ತಾ ಹೋಗಿ.

ಅಕ್ಕಂದಿರೇ, ಇವತ್ತೇ ಎರಡು ಪೊಟ್ಟಣ ತಂದು ಮನೆಯಲ್ಲಿಡಿ. ಅದರ ಮೇಲಿನ ಅಂಕಿಯನ್ನು ಅತ್ತೆಗೆ, ಪಕ್ಕದ ಮನೆಯವರಿಗೆ ಓದಿ ಹೇಳಿ.