ಡೋಪಮಿನ್ ಹಿಮ್ಮುಖವಾಗಿ ಹರಿದಾಗ

ಇವತ್ತು ಆಂಫೆಟಮಿನ್ ಎಂಬ ಔಷಧ, ಪ್ರೋಟೀನ್ ಕೈನೇಸ್ ಸಿ ಎಂಬ ಕಿಣ್ವ, ಇವೆರಡರ ವಿಚಾರ. ಔಷಧವನ್ನು 1887ರಲ್ಲಿ ಬರ್ಲಿನ್ನಿನಲ್ಲಿ ಲಜಾರ್ ಎಡೆಲಿಯಾನು ತಯಾರಿಸಿದರು. ಅದು ನಿದ್ದೆಗೆಡಿಸುತ್ತದೆ ಎಂದು ತಿಳಿಯಲು ಮತ್ತೆ ಸುಮಾರು ನಾಲ್ಕು ದಶಕ ಹಿಡಿಯಿತು. ಕಿಣ್ವವನ್ನು ಪತ್ತೆಹಚ್ಚಿದ್ದು 1977ರಲ್ಲಿ, ಜಪಾನಿನ ಕೋಬೆಯಲ್ಲಿ, ಯಸುಟೊಮಿ ನಿಶಿಜುಕಾ ಮತ್ತು ಸಂಗಡಿಗರು.

ನರಕೋಶದ ತುದಿಯಲ್ಲಿ ಸಣ್ಣ ಸಣ್ಣ ಚೀಲಗಳಲ್ಲಿ ಡೋಪಮಿನ್ ತುಂಬಿರುತ್ತದೆ. (ಪತ್ರಿಕೆಗಳು ಇದನ್ನು ‘ಖುಷಿಯ ರಾಸಾಯನಿಕ’ ಅನ್ನುತ್ತವೆ, ನನಗೆ ಆ ಮಾತು ಸೇರುವುದಿಲ್ಲ, ಕೈಕಾಲಿನ ಚಲನೆಗೂ ಇದೇ ಬೇಕು.) ನರಸಂದೇಶ ಬಂದಾಗ ಕ್ಯಾಲ್ಸಿಯಂ ಒಳನುಗ್ಗಿ, ಚೀಲಗಳು ಬಾಯಿ ತೆರೆದು ಡೋಪಮಿನ್ ಹೊರಬೀಳುತ್ತದೆ. ಕೆಲಸ ಮುಗಿದ ಮೇಲೆ ಕೋಶದ ಪೊರೆಯಲ್ಲಿರುವ ಸಾಗಣೆ ಪ್ರೋಟೀನು ಅದನ್ನು ಮತ್ತೆ ಒಳಗೆಳೆದುಕೊಳ್ಳುತ್ತದೆ. ಆಂಫೆಟಮಿನ್ ಒಳಹೊಕ್ಕುವುದೂ ಇದೇ ದಾರಿಯಲ್ಲಿ. ಹೊಕ್ಕು, ಚೀಲಗಳಲ್ಲಿದ್ದ ಡೋಪಮಿನ್ನನ್ನು ಕೋಶದ್ರವಕ್ಕೆ ಚೆಲ್ಲಿಸುತ್ತದೆ. ಆಮೇಲೆ ಸಾಗಣೆಯೇ ತಿರುವುಮುರುವು: ಬಾವಿಯ ನೀರೆತ್ತಬೇಕಾದ ಪಂಪು ಟ್ಯಾಂಕಿನ ನೀರನ್ನೇ ಬಾವಿಗೆ ಸುರಿದ ಹಾಗೆ. ಇದಕ್ಕೆ ನರಸಂದೇಶದ ಹಂಗೇ ಇಲ್ಲ.

ಕಿಣ್ವದ ಜಾತಿಯೇ ಬೇರೆ. ಅದು ಕೋಶದ ಸ್ವಂತ ಆಸ್ತಿ, ತಾನಾಗಿ ಏನನ್ನೂ ಹೊರಹಾಕುವುದಿಲ್ಲ. ಬೇರೆ ಪ್ರೋಟೀನುಗಳ ಸೆರಿನ್, ಥ್ರಿಯೊನಿನ್ ಎಂಬ ಅಮೈನೊ ಆಮ್ಲಗಳಿಗೆ ಫಾಸ್ಫೇಟ್ ಅಂಟಿಸುವುದು ಅದರ ಕಸುಬು. ಅಂಟಿಸಿದ ಮೇಲೂ ತಾನು ಸವೆಯದೆ ಮುಂದಿನದಕ್ಕೆ ಹೋಗುತ್ತದೆ. ಅಂಟಿದ ಫಾಸ್ಫೇಟನ್ನು ತೆಗೆಯಲು ಬೇರೆ ಕಿಣ್ವಗಳಿವೆ.

ಇವೆರಡೂ ಸಂಧಿಸುವುದು ಆ ಸಾಗಣೆ ಪ್ರೋಟೀನಿನ ಒಳಬಾಲದಲ್ಲಿ. ಅಲ್ಲಿ ಕೆಲವು ಸೆರಿನ್‌ಗಳಿವೆ. 2004ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅವುಗಳ ಜಾಗಕ್ಕೆ ಫಾಸ್ಫೇಟ್ ಅಂಟದ ಅಲನಿನ್ ಇಟ್ಟರು. ಡೋಪಮಿನ್ ಒಳಸೆಳೆತ ಎಂದಿನಂತೆಯೇ ನಡೆಯಿತು. ಆಂಫೆಟಮಿನ್ ಕೊಟ್ಟಾಗ ಹೊರಬೀಳುವುದು ಮಾತ್ರ ಬಹಳ ಇಳಿಯಿತು. ಒಳಬರುವ ದಾರಿಗೂ ಹೊರಹೋಗುವ ದಾರಿಗೂ ಅಪ್ಪಣೆ ಬೇರೆಬೇರೆ! ಅದಕ್ಕೂ ಮೊದಲೇ, ಇಲಿಯ ಮಿದುಳಿನ ತೆಳುಹೋಳುಗಳಲ್ಲಿ ಈ ಕೈನೇಸನ್ನು ತಡೆದಾಗ ಆಂಫೆಟಮಿನ್‌ನ ಕೈ ಕಟ್ಟಿಹೋಗಿದ್ದು ಕಂಡುಬಂದಿತ್ತು. ಹಾಗಾಗಿ ‘ಬಿಡುಗಡೆ ಮಾಡಿಸುವ ಔಷಧ’ ಅನ್ನುವಾಗ ಆ ಕೀರ್ತಿಯನ್ನು ಔಷಧವೊಂದಕ್ಕೇ ಕೊಡುವುದು ಸರಿಯಲ್ಲವೆಂದು ನನ್ನ ವಾದ.

ಇದರಿಂದ ಚಿಕಿತ್ಸೆಗೊಂದು ದಾರಿಯೂ ಹೊಳೆದಿದೆ. ಸ್ತನ ಕ್ಯಾನ್ಸರಿಗೆ ಕೊಡುವ ಟಮಾಕ್ಸಿಫೆನ್ ಈ ಕೈನೇಸನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ಅದರ ಅಣುವನ್ನು ಮಾರ್ಪಡಿಸಿ, ಆಂಫೆಟಮಿನ್ ಚಟಕ್ಕೆ ಮದ್ದಾದೀತೇ ಎಂದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು ಇಲಿಗಳಲ್ಲಿ ಪರೀಕ್ಷಿಸಿದ್ದಾರೆ.