‘ಈ ಕಾದಂಬರಿ ಓದಿದ್ದೀರಾ?’

(ಗ್ರಂಥಾಲಯ ಸಪ್ತಾಹದ ಅಂಗವಾಗಿ ಉಡುಪಿಯ ಓದುಗರ ಕೂಟವೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಕಾದಂಬರಿಯೊಂದು ಲೇಖಕರ ಮೇಜಿನಿಂದ ಓದುಗರ ಕೈಗೆ ಬರುವಷ್ಟರಲ್ಲಿ ಹಲವರನ್ನು ದಾಟಿ ಬರುತ್ತದೆ. ಪ್ರಕಾಶಕರು, ಮುದ್ರಕರು, ವಿಮರ್ಶಕರು ಇವರ ಹೆಸರುಗಳೆಲ್ಲ ಸಾಹಿತ್ಯ ಚರಿತ್ರೆಯಲ್ಲಿ ಸಿಗುತ್ತವೆ. ಕೊನೆಯಲ್ಲಿ ನಿಂತು, ‘ಇದನ್ನು ಓದಿ ನೋಡಿ’ ಎಂದು ಪುಸ್ತಕವನ್ನು ಕೈಗಿಡುವ ಅಂಗಡಿಯವರ ಹೆಸರು ಸಿಗುವುದು ಅಪರೂಪ. ಆ ಒಂದು ಮಾತಿನಿಂದ ಕನ್ನಡ ಕಾದಂಬರಿಗೆ ಆದ ಉಪಕಾರ ಎಷ್ಟು, ಅದು ನಿಂತುಹೋದರೆ ಆಗುವ ನಷ್ಟವೇನು ಎಂಬುದೇ ಇಂದಿನ ವಿಷಯ.

ನಮ್ಮ ಉಡುಪಿಗೆ ಪುಸ್ತಕ ವ್ಯಾಪಾರ ಹೊಸದಲ್ಲ. ಇಲ್ಲಿನ ಪಾವಂಜೆ ಗುರುರಾವ್ ಆ್ಯಂಡ್ ಸನ್ಸ್ ಅವರು ಅಚ್ಚು ಹಾಕಿಸಿದ ಯಕ್ಷಗಾನ ಪ್ರಸಂಗ ಪುಸ್ತಕಗಳು ಕರಾವಳಿಯ ಮನೆಮನೆಗೆ ತಲುಪಿದ್ದವು. ಆದರೆ ಪ್ರಸಂಗ ಪುಸ್ತಕ ಕೊಳ್ಳುವವರಿಗೆ ಶಿಫಾರಸು ಬೇಕಿರಲಿಲ್ಲ. ನಳನ ಕತೆ, ಅಭಿಮನ್ಯುವಿನ ಕತೆ ಅವರಿಗೆ ಮೊದಲೇ ಗೊತ್ತು. ಕಾದಂಬರಿಯ ಸಂಗತಿ ಬೇರೆ. ಅದರ ಜನ ಅಪರಿಚಿತರು, ಕತೆ ಹೊಸದು. ಏನಿದೆಯೆಂದು ತಿಳಿಯದೆಯೇ ದುಡ್ಡು ಕೊಡಬೇಕು. ಆದ್ದರಿಂದ ನಂಬಿಕಸ್ಥರೊಬ್ಬರ ಮಾತು ಅಲ್ಲಿ ಅಗತ್ಯ.

1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯನ್ನು ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ ಎನ್ನುತ್ತಾರೆ. ಬಾಲವಿಧವೆಯೊಬ್ಬಳು ವಿದ್ಯೆ ಕಲಿತು ಮರುಮದುವೆಯಾಗುವ ಕತೆ ಅದು. ಆ ಕಾಲದ ಎಷ್ಟು ಮನೆಗಳಲ್ಲಿ ಹಿರಿಯರು ಇದನ್ನು ಹೆಣ್ಣುಮಕ್ಕಳ ಕೈಗೆ ತಾವಾಗಿ ಕೊಟ್ಟಾರು? ಇಂಥ ಪುಸ್ತಕ ಓದುಗರನ್ನು ಮುಟ್ಟಬೇಕಾದರೆ ಮನೆಯ ಹೊರಗಿನವರೊಬ್ಬರು ಧೈರ್ಯ ಮಾಡಬೇಕು.

ಉತ್ತರ ಕರ್ನಾಟಕದಲ್ಲಿ ಆ ಕೆಲಸವನ್ನು ಲೇಖಕರೇ ಮಾಡಿದರು. ಗಳಗನಾಥರು (1869–1942) ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದ್ದನ್ನು ಇಂದಿಗೂ ನೆನೆಯುತ್ತೇವೆ. ನಮ್ಮ ಕೋಟದ ಶಿವರಾಮ ಕಾರಂತರು ಪುತ್ತೂರಿನಲ್ಲಿ ಹರ್ಷ ಪ್ರಕಟಣಾಲಯವನ್ನು ಕಟ್ಟಿ ತಮ್ಮ ಪುಸ್ತಕಗಳನ್ನು ತಾವೇ ಹೊರತಂದರು. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿ ಇನ್ನೊಂದು ದಾರಿ ತೋರಿಸಿದರು. ಚಂದಾದಾರರು ಮೊದಲೇ ಹಣ ಕಟ್ಟುವರು. ಗ್ರಂಥಮಾಲೆ ಆರಿಸಿದ ಪುಸ್ತಕ ಅವರ ಮನೆಗೆ ಬರುವುದು. ‘ನೀವು ಒಳ್ಳೆಯದೆಂದರೆ ನಾವು ಓದುತ್ತೇವೆ’ ಎಂಬ ವಿಶ್ವಾಸವೇ ಅದರ ಬಂಡವಾಳ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಅಲ್ಲಿಂದಲೇ ಬಂತು. ಆಗ ಅವರಿನ್ನೂ ಮೂವತ್ತರ ಹರೆಯದ ಅಧ್ಯಾಪಕರು. ಅದು ಅವರ ಮೊದಲ ಕಾದಂಬರಿ.

ಅಂಗಡಿಯನ್ನೇ ಓದುಗರ ತಾಣವಾಗಿಸಿದ ಉದಾಹರಣೆ ಬೇಕಿದ್ದರೆ ದೂರ ಹೋಗಬೇಕಿಲ್ಲ. ಜಿ.ಎನ್. ಅಶೋಕವರ್ಧನರು 1975ರಲ್ಲಿ ಮಂಗಳೂರಿನಲ್ಲಿ ತೆರೆದ ಅತ್ರಿ ಬುಕ್ ಸೆಂಟರ್ 2012ರವರೆಗೆ ನಡೆಯಿತು. ಸುಮಾರು ಮೂವತ್ತೇಳು ವರ್ಷ! ಈ ವೃತ್ತಿಯ ಅನುಭವವನ್ನು ಅವರು ‘ಪುಸ್ತಕ ಮಾರಾಟ ಹೋರಾಟ’ ಎಂಬ ಪುಸ್ತಕವಾಗಿಯೂ ಬರೆದರು. ಸರಕಾರದ ಸಗಟು ಖರೀದಿಯನ್ನು ಅವರು ಬಹಿರಂಗವಾಗಿ ಟೀಕಿಸುತ್ತಿದ್ದರು. ಆ ಟೀಕೆಯ ಹಿಂದಿನ ತರ್ಕವನ್ನು ಸ್ವಲ್ಪ ವಿವರಿಸಬೇಕು.

ನೂರಾರು ಪ್ರತಿಗಳನ್ನು ಗ್ರಂಥಾಲಯಗಳಿಗೆಂದು ಒಟ್ಟಿಗೇ ಕೊಂಡರೆ ಪ್ರಕಾಶಕರಿಗೆ ಅಚ್ಚಿನ ಖರ್ಚು ಬರುತ್ತದೆ. ಹಳ್ಳಿಯ ಗ್ರಂಥಾಲಯಕ್ಕೆ ಪುಸ್ತಕವೂ ಸೇರುತ್ತದೆ. ಇದು ಒಳ್ಳೆಯದೇ. ಆದರೆ ಖರ್ಚು ಹುಟ್ಟಿದ ಮೇಲೆ ಓದುಗರನ್ನು ಹುಡುಕುವ ತುರ್ತು ಪ್ರಕಾಶಕರಿಗೆ ಉಳಿಯುವುದಿಲ್ಲ. ಅಂಗಡಿಗೆ ಪುಸ್ತಕ ಬಾರದಿದ್ದರೆ ಅಂಗಡಿಯವರು ಅದನ್ನು ನೋಡುವುದಿಲ್ಲ. ನೋಡದ್ದನ್ನು ಯಾರಿಗೂ ಹೇಳಲಾರರು. ಪುಸ್ತಕ ಕಪಾಟಿನಲ್ಲಿ ಇದ್ದೂ ಇಲ್ಲದಂತಾಗುತ್ತದೆ.

ಹಾಗಾದರೆ ಇಂದು ನಮಗೆ ಕಾದಂಬರಿಯನ್ನು ಸೂಚಿಸುವವರು ಯಾರು? ಮುಖ್ಯವಾಗಿ ಪಠ್ಯಪಟ್ಟಿ, ಪ್ರಶಸ್ತಿ, ಸಿನೆಮಾ. ಈಗ ಅಂತರ್ಜಾಲದ ಅಂಗಡಿಯೂ ಸೇರಿದೆ. ಹೆಚ್ಚು ಮಾರಾಟವಾದದ್ದನ್ನು ಅದು ಮುಂದಕ್ಕೆ ತರುತ್ತದೆ. ಮುಂದೆ ಬಂದದ್ದು ಮತ್ತಷ್ಟು ಮಾರಾಟವಾಗುತ್ತದೆ. ಈ ಸುತ್ತಿನೊಳಗೆ ಹೊಸ ಲೇಖಕಿಯ ಮೊದಲ ಕಾದಂಬರಿ ಪ್ರವೇಶಿಸುವುದು ಹೇಗೆ? 1980ರ ದಶಕದ ಆರಂಭದಲ್ಲಿ ಕಾಸರಗೋಡು ಮೂಲದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ಯನ್ನು ಲಂಕೇಶ್ ಪತ್ರಿಕೆ ಧಾರಾವಾಹಿಯಾಗಿ ಪ್ರಕಟಿಸದೇ ಹೋಗಿದ್ದರೆ, ಅಷ್ಟು ಮಂದಿ ಅದನ್ನು ಅಷ್ಟು ಬೇಗ ಓದುತ್ತಿದ್ದರೇ?

ಅಮೆರಿಕದಲ್ಲೂ ಸಣ್ಣ ಅಂಗಡಿಗಳಿಗೆ ಇದೇ ಕಷ್ಟ ಎದುರಾಯಿತು. ಒಂದೆಡೆ ದೊಡ್ಡ ಮಳಿಗೆಗಳ ಸರಪಳಿ, ಇನ್ನೊಂದೆಡೆ ಅಂತರ್ಜಾಲದ ವ್ಯಾಪಾರ. ಅಲ್ಲಿನ ಸ್ವತಂತ್ರ ಪುಸ್ತಕ ವ್ಯಾಪಾರಿಗಳು ಒಟ್ಟಾಗಿ 1999ರಲ್ಲಿ ‘ಬುಕ್ ಸೆನ್ಸ್’ ಯೋಜನೆಯನ್ನು ಆರಂಭಿಸಿದರು. 2008ರಲ್ಲಿ ಅದರ ಜಾಗಕ್ಕೆ ‘ಇಂಡೀಬೌಂಡ್’ ಬಂತು. ಅವರ ಶಿಫಾರಸು ಪಟ್ಟಿಗೆ ‘ಇಂಡೀ ನೆಕ್ಸ್ಟ್’ ಎಂಬ ಹೆಸರಾಯಿತು. ಆಯ್ದ ಪುಸ್ತಕದ ಜತೆಗೆ, ಅದನ್ನು ಮೆಚ್ಚಿದ ಅಂಗಡಿಯವರ ಹೆಸರೂ ಅವರ ನಾಲ್ಕು ಸಾಲಿನ ಮಾತೂ ಇರುತ್ತದೆ. ಓದಿದವರು ಹೆಸರು ಹಾಕಿ ಹೇಳುವುದರಿಂದಲೇ ಆ ಪಟ್ಟಿಗೆ ತೂಕ.

ನಮ್ಮ ಕರಾವಳಿಯ ಅಂಗಡಿಗಳೂ ಅಂಥ ಪಟ್ಟಿಯನ್ನು ಮಾಡಬಹುದು. ಕಾಪುವಿನ ಕಡಲ ತಡಿಯ ಮನೆಯವರಿಗೆ ‘ಮರಳಿ ಮಣ್ಣಿಗೆ’ ಕೊಡಿ. ಮೂರು ತಲೆಮಾರಿನ ಬದುಕು, ಪಾರೋತಿ, ಸರಸೋತಿ, ನಾಗವೇಣಿಯರ ದುಡಿಮೆ, ಊರು ಬಿಟ್ಟು ಹೋದವರ ಕತೆ ಅವರಿಗೆ ಪರಕೀಯವೆನಿಸದು. ಕಾರ್ಕಳದ ಓದುಗರಿಗೆ ಅವರದೇ ತಾಲೂಕಿನ ಕಾಂತಾವರದ ನಾ. ಮೊಗಸಾಲೆಯವರ ಕಾದಂಬರಿಗಳನ್ನು ತೋರಿಸಿ. ಕಾದಂಬರಿಯೇ ಬೇಡವೆನ್ನುವ ಹುಡುಗನಿಗೆ ತೇಜಸ್ವಿಯವರ ‘ಕರ್ವಾಲೊ’. ಹಾರುವ ಓತಿಯನ್ನು ಹುಡುಕಿ ಹೊರಟವರ ಹಿಂದೆ ಅವನೂ ಹೊರಟಾನು. ಕನ್ನಡ ಬಾರದ ಮಣಿಪಾಲದ ವಿದ್ಯಾರ್ಥಿಗೆ ಎ.ಕೆ. ರಾಮಾನುಜನ್ ಇಂಗ್ಲಿಷಿಗೆ ತಂದ ‘ಸಂಸ್ಕಾರ’ವಿದೆ. ರೈತ ಹೋರಾಟದ ಬಗ್ಗೆ ಕೇಳುವವರಿಗೆ ಕಯ್ಯೂರಿನ ಘಟನೆಯನ್ನಾಧರಿಸಿದ ನಿರಂಜನರ ‘ಚಿರಸ್ಮರಣೆ’ಯಿದೆ.

ಇವೆಲ್ಲ ಪ್ರಸಿದ್ಧ ಕೃತಿಗಳೇ ಎಂದು ನೀವು ಆಕ್ಷೇಪಿಸಬಹುದು. ನಿಜ. ಇವು ಕದ ತೆರೆಯುವ ಪುಸ್ತಕಗಳು. ಎರಡನೆಯ ಸಲ ಬಂದವರಿಗೆ, ‘ಹಿಂದಿನದು ಹೇಗಿತ್ತು?’ ಎಂದು ಕೇಳಿ, ಯಾರೂ ಹೆಸರು ಕೇಳಿರದ ಕಾದಂಬರಿಯನ್ನು ಕೈಗಿಡುವುದರಲ್ಲಿಯೇ ವ್ಯಾಪಾರಿಯ ಜಾಣ್ಮೆಯಿದೆ. ಅದಕ್ಕೆ ಅವರು ಸ್ವತಃ ಓದಬೇಕು; ನಾವು ಅಂಗಡಿಗೆ ಹೋಗಬೇಕು. ಪುಸ್ತಕವನ್ನು ಅಂಗಡಿಯಲ್ಲಿ ನೋಡಿ, ರಿಯಾಯಿತಿಗಾಗಿ ಬೇರೆಡೆ ಕೊಳ್ಳುವ ಅಭ್ಯಾಸ ಬೆಳೆದರೆ ಸಲಹೆ ಕೊಡುವವರು ಬಾಡಿಗೆ ಕಟ್ಟುವುದು ಯಾವುದರಿಂದ?

ಆದ್ದರಿಂದ ನನ್ನದೊಂದು ಸಣ್ಣ ವಿನಂತಿ. ಮುಂದಿನ ಸಲ ಪುಸ್ತಕದಂಗಡಿಗೆ ಹೋದಾಗ ಬರೆದುಕೊಂಡು ಹೋದ ಪಟ್ಟಿಯ ಜತೆಗೆ, ‘ಇತ್ತೀಚೆಗೆ ನೀವು ಓದಿ ಮೆಚ್ಚಿದ್ದು ಯಾವುದು?’ ಎಂದು ಕೇಳಿ, ಅದೊಂದನ್ನೂ ಕೊಂಡುಕೊಳ್ಳಿ. ಹಿಡಿಸದಿದ್ದರೆ ಮತ್ತೆ ಹೋಗಿ ಹಾಗೆಂದು ಹೇಳಿ. ಮುಂದಿನ ಸಲಹೆಗೆ ಅದೂ ಉಪಯೋಗಕ್ಕೆ ಬರುತ್ತದೆ.